ನಿನ್ನ ಹೆಸರಿನಲ್ಲಿ ಕುಳಿತವಳು

ರತ್ನಾ, ಆ ದಿನ ಶಾಲೆಯ ಕಂಪ್ಯೂಟರಿನಲ್ಲಿ ಸಿಕ್ಕಿದ ಮಾತುಗಳು ನಿನ್ನವಲ್ಲ, ನನ್ನವು. ನಿನ್ನ ಹೆಸರಿನಲ್ಲಿ ಒಳಹೊಕ್ಕು ಒಬ್ಬ ಗಂಡಸಿನ ಜೊತೆ ಚಾಟ್ ಮಾಡುತ್ತಿದ್ದವಳು ನಾನು, ನಿನಗೆ ಕಂಪ್ಯೂಟರ್ ಕಲಿಸುತ್ತಿದ್ದ ಟೀಚರು. ನಿನ್ನನ್ನು ಶಾಲೆ ಬಿಡಿಸಿದ್ದು ನಿಮ್ಮಪ್ಪ ಎಂದೇ ಎಲ್ಲರೂ ತಿಳಿದಿದ್ದಾರೆ. ಬಿಡಿಸಿದ್ದು ನಾನು.

ನಿನ್ನ ಎದುರು ನಿಂತು ಹೇಳಬೇಕಾದ್ದನ್ನು ಮೊದಲು ಹೀಗೆ ಬರೆದು ನೋಡುತ್ತಿದ್ದೇನೆ. ನಾಲಿಗೆ ಹೊರಳುತ್ತದೋ ಇಲ್ಲವೋ — ಎಷ್ಟೋ ಸಲ ಹೊರಳಿಲ್ಲ.

ಆಗ ನಮ್ಮ ಕೆಜಿಎಫ್ ಶಾಲೆಗೆ ಹೊಸದಾಗಿ ಇಂಟರ್ನೆಟ್ ಬಂದಿತ್ತು. ನನಗೂ ಹೊಸ ಕೆಲಸ. ನಮ್ಮೂರು ಬೂದಿಕೋಟೆಯಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನೀನು ಕಾಮಸಮುದ್ರದ ಕಡೆಯಿಂದ ಬರುತ್ತಿದ್ದೆ, ಹತ್ತನೇ ತರಗತಿ. ಪ್ರತಿ ಮಗುವಿಗೂ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಕೊಟ್ಟು, ಮಕ್ಕಳು ಪಾಲಿಸಬೇಕಾದ ನಿಯಮಗಳನ್ನು ಬರೆಯಲು ಹೆಡ್‌ಮಾಸ್ಟರು ನನಗೇ ಹೇಳಿದರು. ಬಣ್ಣದ ಪೆನ್ನಿನಲ್ಲಿ, ಮುದ್ದಾಗಿ ಚಾರ್ಟಿನ ಮೇಲೆ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದೆ. ಅಪರಿಚಿತರ ಜೊತೆ ಮಾತಾಡಬೇಡಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ನಿಮ್ಮ ಹೆಸರಿನಲ್ಲಿ ನಡೆದದ್ದಕ್ಕೆ ನೀವೇ ಜವಾಬ್ದಾರರು. ಈ ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ.

ನೀನು ಮೌಸ್ ಹಿಡಿದು ನಿಮ್ಮ ಮನೆಯ ಹಸುವಿನ ಚಿತ್ರ ಬಿಡಿಸಿ ಅದಕ್ಕೆ ನೀಲಿ ಬಣ್ಣ ತುಂಬಿದ್ದೆ. ಇಡೀ ತರಗತಿ ನಕ್ಕಿತ್ತು, ನೀನೂ ನಕ್ಕಿದ್ದೆ. ಪಾಸ್‌ವರ್ಡಿಗೂ ಆ ಹಸುವಿನ ಹೆಸರನ್ನೇ ಇಟ್ಟುಕೊಂಡೆ. ಮರೆತುಹೋದರೆ ಎಂಬ ಭಯಕ್ಕೆ ನನ್ನ ಕಿವಿಯಲ್ಲಿ ಹೇಳಿದೆ — “ನೀವು ನೆನಪಿಟ್ಕಳಿ ಮಿಸ್, ನಿಮಗೆ ಗೊತ್ತಿದ್ರೆ ಏನೂ ಆಗಲ್ಲ.” ಆಗ ನಾನು ಬೇಡ ಅನ್ನಬೇಕಿತ್ತು. ನಿಯಮ ಬರೆದವಳೇ ನಾನು.

ನನಗೊಬ್ಬನ ಮೇಲೆ ಮನಸ್ಸಿತ್ತು. ಕೆಜಿಎಫ್‌ನ ಕೋರಮಂಡಲ್ ಬಡಾವಣೆಯವನು, ತಮಿಳರ ಹುಡುಗ, ಕೆಲಸ ಹುಡುಕಿಕೊಂಡು ಚೆನ್ನೈಗೆ ಹೋಗಿದ್ದ. ನಮ್ಮ ಮನೆಯಲ್ಲಿ ಅವನ ಹೆಸರೆತ್ತುವ ಹಾಗಿರಲಿಲ್ಲ. ನನ್ನ ಅಣ್ಣ ನನ್ನ ಫೋನನ್ನು ದಿನಾ ಕಿತ್ತುಕೊಂಡು ನೋಡುತ್ತಿದ್ದ. ಶಾಲೆಯಲ್ಲಿ ಟೀಚರುಗಳು ಏನೇನು ತೆರೆದು ನೋಡುತ್ತಾರೆ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಆಗಾಗ ಪರೀಕ್ಷಿಸುತ್ತಿದ್ದರು. ಮಕ್ಕಳದ್ದನ್ನು ಯಾರೂ ನೋಡುತ್ತಿರಲಿಲ್ಲ. ಸಂಜೆ ನಿಮ್ಮನ್ನೆಲ್ಲ ಸ್ಪೆಷಲ್ ಕ್ಲಾಸಿಗೆ ಕಳಿಸಿ, ಲ್ಯಾಬಿನ ಬಾಗಿಲು ಮುಂದೆ ಮಾಡಿ, ನಿನ್ನ ಹೆಸರು ಒತ್ತಿ, ನಿಮ್ಮ ಹಸುವಿನ ಹೆಸರು ಒತ್ತಿ — ಒಳಗೆ ಹೋಗುತ್ತಿದ್ದೆ. ಅಲ್ಲಿಂದಲೇ ಚಾಟ್ ಮಾಡಲು ಸುಳ್ಳು ಹೆಸರಿನ ಒಂದು ಖಾತೆ ತೆರೆದಿದ್ದೆ. ಅವನು ನನ್ನನ್ನು ಕಣ್ಣಮ್ಮಾ ಎಂದು ಕರೆಯುತ್ತಿದ್ದ. ಇಡೀ ಮಾತಿನಲ್ಲಿ ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ. ಅದೇ ನನ್ನನ್ನು ಉಳಿಸಿತು. ಅದೇ ನಿನ್ನನ್ನು —

ಒಂದು ಸಂಜೆ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಪರದೆಯನ್ನಷ್ಟೇ ಆರಿಸಿ ಓಡಿದೆ. ಮರುದಿನ ಕಾರ್ಯದರ್ಶಿಗಳು ಯಾರೋ ದೊಡ್ಡವರಿಗೆ ಲ್ಯಾಬ್ ತೋರಿಸಲು ಬಂದರು. ಪರದೆ ಹಚ್ಚಿದಾಗ ಅದೆಲ್ಲ ಹಾಗೇ ತೆರೆದುಕೊಂಡು ನಿಂತಿತ್ತು. ಓಡಿಹೋಗೋಣ ಎಂದಿತ್ತು ಅದರಲ್ಲಿ. ಮುತ್ತು ಎಂದಿತ್ತು. ಪರದೆಯ ಮೂಲೆಯಲ್ಲಿ, ಕಂಪ್ಯೂಟರಿಗೆ ಒಳಹೊಕ್ಕವರ ಹೆಸರಿನ ಜಾಗದಲ್ಲಿ, ನಿನ್ನ ಹೆಸರು.

ಹೆಡ್‌ಮಾಸ್ಟರರ ಕೋಣೆಗೆ ನಿಮ್ಮಪ್ಪನನ್ನು ಕರೆಸಿದರು. ಹಾಲಿನ ಡೈರಿಯಿಂದ ನೇರ ಬಂದಿದ್ದರೇನೋ, ಅಂಗಿ ತೋಳು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಹೆಡ್‌ಮಾಸ್ಟರು ಓದಿ ಹೇಳಿದರು. ಅಷ್ಟನ್ನೂ ಓದಬೇಕಿರಲಿಲ್ಲ. ಓದಿದರು. ನಾನು ಪಕ್ಕದಲ್ಲೇ ನಿಂತು ನನ್ನ ಮಾತುಗಳನ್ನೇ ಕೇಳಿಸಿಕೊಂಡೆ.

“ಯಾರಮ್ಮಿ ಇವ್ನು?” ಎಂದರು ನಿಮ್ಮಪ್ಪ.

“ನಂಗೊತ್ತಿಲ್ಲಪ್ಪ. ನಾನಲ್ಲಪ್ಪ. ದೇವ್ರಾಣೆ ನಾನಲ್ಲ.”

ಆಮೇಲೆ ನೀನು ನನ್ನ ಕಡೆ ತಿರುಗಿದೆ. ಆ ಮುಖದಲ್ಲಿ ಅನುಮಾನ ಇರಲಿಲ್ಲ ರತ್ನಾ, ಈಗ ನೆನೆದರೆ ನನಗೆ ತಾಳಲಾಗದ್ದು ಅದೇ — ಧೈರ್ಯ ಇತ್ತು. ನನ್ನನ್ನು ಕಂಡು ಬಂದ ಧೈರ್ಯ.

“ಮಿಸ್, ನೀವಾದ್ರೂ ಯೋಳಿ ಮಿಸ್. ನನ್ ಪಾಸ್‌ವರ್ಡು ನಿಮಗೂ ಗೊತ್ತಲ್ವಾ?”

ಎಲ್ಲರೂ ನನ್ನನ್ನು ನೋಡಿದರು. ಹೌದು ಎಂದರೆ ಸಾಕಿತ್ತು. ಅದೊಂದೇ ಮಾತು ಹೇಳಿ ಸುಮ್ಮನಾಗಿದ್ದರೂ ನಿನಗೊಂದು ದಾರಿ ತೆರೆಯುತ್ತಿತ್ತು. ನಾನು ಹೇಳಿದ್ದು ಇದು:

“ಪಾಸ್‌ವರ್ಡ್ ಯಾರಿಗೂ ಹೇಳಬಾರದು ಅಂತ ಗೋಡೆ ಮೇಲೇ ಬರೆದಿದೆಯಲ್ಲಮ್ಮ. ನಿನ್ನ ಹೆಸರಲ್ಲಿ ನಡೆದಿದ್ದಕ್ಕೆ ನೀನೇ ಜವಾಬ್ದಾರಿ.”

ನನ್ನ ದನಿ ನಡುಗಲೂ ಇಲ್ಲ. ಹೆಡ್‌ಮಾಸ್ಟರು ತಲೆಯಾಡಿಸಿದರು. ನಿಮ್ಮಪ್ಪನ ಕೈ ಮೇಲೆದ್ದದ್ದು ಕಂಡಿತು, ಏಟಿನ ಸದ್ದು ಕೇಳಿಸಿತು. ನೀನು ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದೆ. “ನಡೀ ಮನೆಗೆ, ಓದಿದ್ದು ಸಾಕು” ಎಂದು ಅವರು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಪರೀಕ್ಷೆ ಹತ್ತಿರದಲ್ಲಿತ್ತು. ನೀನು ಬರೆಯಲಿಲ್ಲ.

ಆಮೇಲಿನ ಪ್ರತಿ ದಿನವೂ ನಿಜ ಹೇಳಬಹುದಾದ ದಿನವೇ ಆಗಿತ್ತು. ಪರೀಕ್ಷೆಗೆ ಮುಂಚೆ ಹೇಳಬಹುದಿತ್ತು. ನಿನಗೆ ಸೋದರಮಾವನ ಜೊತೆ ಮದುವೆ ಗೊತ್ತಾಯಿತಂತೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದಾಗ ಹೇಳಬಹುದಿತ್ತು — ನಾನು ಟೀ ಲೋಟ ತೊಳೆಯಲು ಎದ್ದು ಹೋದೆ. ಅಣ್ಣ ಕೊಂದುಬಿಡುತ್ತಾನೆ ಎಂದುಕೊಂಡೆ, ಕೆಲಸ ಹೋಗುತ್ತದೆ ಎಂದುಕೊಂಡೆ. ಅಣ್ಣ ನನ್ನನ್ನು ಕೊಲ್ಲುತ್ತಿರಲಿಲ್ಲ. ಆ ಹುಡುಗನ ಪ್ರೀತಿಯೂ ಉಳಿಯಲಿಲ್ಲ. ಉಳಿದಿದ್ದರೂ ಅದು ನಿನಗೆ ಬೇಡದ ಸುದ್ದಿ. ನಾನು ಬೇರೆಯವರನ್ನು ಮದುವೆಯಾದೆ, ಕೆಲಸ ಕಾಯಂ ಆಯಿತು. ಇಂಟರ್ನೆಟ್ಟನ್ನು ಮಕ್ಕಳು ಜವಾಬ್ದಾರಿಯಿಂದ ಬಳಸುವುದು ಹೇಗೆ ಎಂದು ಪ್ರತಿ ವರ್ಷ ತಂದೆ ತಾಯಂದಿರ ಸಭೆಯಲ್ಲಿ ಮಾತಾಡುವವಳೂ ನಾನೇ ಆದೆ. ಚಪ್ಪಾಳೆ ತಟ್ಟುತ್ತಾರೆ. ನನಗೆ ಹೇಸಿಗೆಯಾಗುತ್ತದೆ ಎಂದು ಬರೆದರೆ ಅದೂ ಒಂದು ಚಂದದ ಮಾತಾದೀತು. ಎಷ್ಟೋ ವರ್ಷ ಆಗಲೇ ಇಲ್ಲ. ಅಭ್ಯಾಸವಾಗಿತ್ತು.

ಈ ಜೂನ್‌ನಲ್ಲಿ ನೀನು ಮಗಳನ್ನು ಆರನೇ ತರಗತಿಗೆ ಸೇರಿಸಲು ಬಂದೆ. ಬಂಗಾರಪೇಟೆಯಲ್ಲಿ ಮನೆ, ಬ್ಲೌಸ್ ಹೊಲಿಯುತ್ತೀನಿ ಎಂದೆ. “ಚೆನ್ನಾಗಿದೀರಾ ಮಿಸ್?” ಎಂದೆ. ಮಕ್ಕಳು ಕಂಪ್ಯೂಟರ್ ಬಳಸುವ ನಿಯಮಗಳಿಗೆ ಈಗ ತಾಯಿ ತಂದೆ ಸಹಿ ಹಾಕಬೇಕು, ಆ ಹಾಳೆ ನಿನ್ನ ಮುಂದಿಟ್ಟೆ. ಯಾರೂ ಅದನ್ನು ಓದುವುದಿಲ್ಲ. ನೀನು ಬೆರಳಿಟ್ಟು ಪೂರ್ತಿ ಓದಿದೆ, ಸಹಿ ಹಾಕಿದೆ, ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದೆ:

“ಪಾಸ್‌ವರ್ಡು ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಮಿಸ್ ಕೇಳಿದ್ರೂ ಯೋಳ್ಬ್ಯಾಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ರಸ್ತೆ ದಾಟುವಾಗ ನೋಡಿ ದಾಟು ಅನ್ನುವ ಹಾಗಿತ್ತು. ಆಮೇಲೆ ನನಗೆ ನಮಸ್ಕಾರ ಮಾಡಿ ಹೋದೆ. ನಿನಗೆ ಗೊತ್ತು. ಯಾವತ್ತಿನಿಂದ — ಆ ಕೋಣೆಯಲ್ಲಿ, ಆ ಗಳಿಗೆಯಲ್ಲೇ ಗೊತ್ತಾಯಿತಾ? ಗೊತ್ತಿದ್ದೂ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಾ, ಇಲ್ಲ ಹೇಳಿದರೂ ಯಾರೂ ನಂಬಲಿಲ್ಲವಾ?

ಅಂದಿನಿಂದ ನಿನ್ನ ಮಗಳು ಲ್ಯಾಬಿಗೆ ಬರುತ್ತಾಳೆ. ಪಾಸ್‌ವರ್ಡ್ ಒತ್ತುವಾಗ ಎಡಗೈಯನ್ನು ಅಡ್ಡ ಹಿಡಿದು ನನ್ನ ಕಡೆ ನೋಡುತ್ತಾಳೆ. ಮಗು, ಅದಕ್ಕೇನೂ ಗೊತ್ತಿಲ್ಲ. ನಾನು ಪಾಠ ಮರೆಯುತ್ತೇನೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಪದ ಅರ್ಧಕ್ಕೇ ನಿಂತುಬಿಡುತ್ತದೆ. ಮನೆಯಲ್ಲಿ ಅನ್ನ ಸೇರುವುದಿಲ್ಲ, ಏನಾಯಿತೆಂದು ಗಂಡ ಕೇಳಿದರೆ ಏನೂ ಇಲ್ಲ ಎನ್ನುತ್ತೇನೆ — ಇನ್ನೂ ಸುಳ್ಳು!

ಕೊನೆಗೆ ಈ ವಾರ ಎಲ್ಲವನ್ನೂ ಶಾಲೆಗೆ ಬರೆದುಕೊಟ್ಟೆ. ಈಗಿನ ಹೆಡ್‌ಮಾಸ್ಟರು ಓದಿ, “ಹಳೇದನ್ನ ಯಾಕೆ ಕೆದಕ್ತೀರಿ ಮೇಡಂ?” ಎಂದರು. ಹಾಳೆ ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಅವರು ಏನು ಮಾಡುತ್ತಾರೋ ಮಾಡಲಿ. ಬಸ್ಸು ಹಿಡಿದು ನಿನ್ನ ತವರೂರಿಗೆ ಹೋದೆ.

ನಿಮ್ಮಪ್ಪ ಕೊಟ್ಟಿಗೆ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದರು. ನನ್ನ ಗುರುತು ಸಿಗಲಿಲ್ಲ. ಯಾರೆಂದು ಹೇಳಿದೆ, ಆಮೇಲೆ ಉಳಿದದ್ದನ್ನೂ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಹೊಡೆಯಲಿ ಎಂದೇ ಹೋಗಿದ್ದೆ. ಅವರು ಕ್ಯಾನನ್ನು ಕೆಳಗಿಟ್ಟು ಕಲ್ಲಿನ ಮೇಲೆ ಕೂತರು.

“ಯೋಳ್ತಾನೇ ಇದ್ಲು ಮಿಸ್, ನಾನಲ್ಲಪ್ಪಾ ಅಂತ. ಮದ್ವೆ ದಿನ ಅರಿಶಿಣ ಅಚ್ವಾಗ್ಲೂ ಯೋಳಿದ್ಲು. ಬಾಯ್ಮುಚ್ಚು ಅಂದ್ಬುಟ್ಟೆ.” ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, “ನಿಮ್ಮುಂದೆ ಒಡೆದಿದ್ದು ಒಂದೇಟು. ಮನೇಲಿ ಒಡೆದಿದ್ದು…” ಎಂದು ನಿಲ್ಲಿಸಿದರು. “ಅಬ್ಬಕ್ಕೆ ಬತ್ತಾಳೆ. ಅವ್ರಮ್ಮನ ತಾವ ಮಾತಾಡ್ತಾಳೆ, ಓಯ್ತಾಳೆ. ನನ್ ತಾವ ಮಾತಿಲ್ಲ.”

ನಾನು ಅವರ ಕಾಲಿಗೆ ಬಿದ್ದೆ. ಅವರು ನನ್ನನ್ನು ಎಬ್ಬಿಸಲೂ ಇಲ್ಲ, ಬೈಯಲೂ ಇಲ್ಲ.

“ನೀವು ಸುಳ್ಳು ಯೋಳಿದ್ರಿ, ಸರಿ. ನಾನು ಅಪ್ಪ ಅಲ್ವಾ? ನಾನ್ಯಾಕೆ ನಂಬ್ಲಿಲ್ಲ?”

ಅವರು ನಂಬದ ಹಾಗೆ ಮಾಡಿದ್ದು ನನ್ನ ಮಾತು, ಟೀಚರಮ್ಮನ ಮಾತು. ನಿನ್ನ ಓದನ್ನಷ್ಟೇ ಅಲ್ಲ, ನಿನ್ನ ಅಪ್ಪನನ್ನೂ ನಿನ್ನಿಂದ ಕಿತ್ತುಕೊಂಡಿದ್ದೇನೆ ಎಂದು ನನಗೆ ತಿಳಿದದ್ದು ಆ ಕೊಟ್ಟಿಗೆಯ ಮುಂದೆ.

ನಾನು ಬಸ್ಸಿಗೆ ಹೊರಟಾಗ ಅವರು ಹಿಂದಿನಿಂದ ಕೂಗಿದರು. “ಅವ್ಳ ಮನೆಗೆ ಓಗ್ತೀರಾ? ನಾನೂ ಬತ್ತೀನಿ. ಒಬ್ನೇ ಓಗಾಕೆ ಮಕ ಇಲ್ಲ.”

ನಾಳೆ ನಾವಿಬ್ಬರೂ ಬರುತ್ತೇವೆ ರತ್ನಾ. ಕ್ಷಮಿಸು ಎಂದು ಕೇಳಲು ನಾನು ಬರುತ್ತಿಲ್ಲ, ಆ ಹೊರೆಯನ್ನೂ ನಿನ್ನ ತಲೆಯ ಮೇಲೆ ಹೊರಿಸಲಾರೆ. ನಡೆದದ್ದನ್ನು ನಿಮ್ಮಪ್ಪನೆದುರು, ನಿನ್ನ ಗಂಡನೆದುರು, ನೀನು ಯಾರೆದುರು ಹೇಳು ಎನ್ನುತ್ತೀಯೋ ಅವರೆಲ್ಲರೆದುರು ಹೇಳುತ್ತೇನೆ. ನನ್ನನ್ನು ಹೊಸಿಲಾಚೆಯೇ ನಿಲ್ಲಿಸು. ನಿಮ್ಮಪ್ಪನನ್ನು ಮಾತ್ರ ಒಳಗೆ ಕರೆ.