ಬಿಸಿಗಾಳಿಯಲ್ಲಿ ಬೆಳೆದ ಹುಲ್ಲು

ಎಪ್ಪತ್ತರ ದಶಕದ ನಡುವಿನ ಒಂದು ಡಿಸೆಂಬರ್. ನಾವಾಗ ನ್ಯೂಜೆರ್ಸಿಯಲ್ಲಿದ್ದೆವು. ಧಾರವಾಡದಲ್ಲಿ ಕೃಷಿ ಓದಿ ಬಂದಿದ್ದ ನನ್ನ ಗಂಡ ಒಂದು ದೊಡ್ಡ ಸ್ಟೇಡಿಯಮ್ಮಿನ ಹುಲ್ಲು ನೋಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಬೇಸ್‌ಬಾಲ್, ಚಳಿ ಬಂದರೆ ಅದೇ ನೆಲದ ಮೇಲೆ ಫುಟ್‌ಬಾಲ್. ಬೇಸ್‌ಬಾಲಿಗೆಂದು ಹುಲ್ಲಿಲ್ಲದೆ ಬಿಟ್ಟಿದ್ದ ಮಣ್ಣಿನ ಮೇಲೆ, ಬೇರೆಡೆ ಬೆಳೆದ ಹುಲ್ಲನ್ನು ಬುಡದ ಮಣ್ಣುಸಮೇತ ತಂದು ಹಾಸಿದ್ದರು. ಅದು ಬೇರು ಇಳಿಸುವ ಮೊದಲೇ ನೆಲ ಹೆಪ್ಪುಗಟ್ಟತೊಡಗಿತು.

ಭಾನುವಾರದ ಕೊನೆಯ ಪಂದ್ಯದಲ್ಲಿ ಹುಲ್ಲು ಕಿತ್ತು ಬಂದರೆ ಪ್ಲಾಸ್ಟಿಕ್ ಹಾಸು ಹಾಕಿಸುತ್ತೇವೆ ಎಂದು ಮಾಲೀಕರು ಹೇಳಿಯಾಗಿತ್ತು. ಪ್ಲಾಸ್ಟಿಕ್ಕಿಗೆ ಹುಲ್ಲಿನವರು ಬೇಕಿಲ್ಲ. ಇವರ ಕೆಲಸವೂ ಅದನ್ನೇ ನಂಬಿದ ನಮ್ಮ ವೀಸಾವೂ ಆ ಭಾನುವಾರದ ಮೇಲೆ ನಿಂತಿದ್ದವು.

ಮೈದಾನಕ್ಕೆಲ್ಲ ಟಾರ್ಪಾಲು ಮುಚ್ಚಿ ಒಳಗೆ ಬಿಸಿಗಾಳಿ ಊದಿಸುವ ಯೋಚನೆ ಇವರದೇ. ಶನಿವಾರ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋಗಿದ್ದೆ. ಡಬ್ಬಿಯೋ, ಮರೆತುಬಿಟ್ಟ ಕೈಗವಸೋ. ನನ್ನ ಆಗಿನ ಡೈರಿಯಲ್ಲಿ ಇರುವುದು ‘ಹೋಗಿದ್ದೆ’ ಎಂದಷ್ಟೇ. ಖಾಲಿ ಕುರ್ಚಿಗಳ ನಡುವೆ ಆ ಟಾರ್ಪಾಲು ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ಅಡಿಯಲ್ಲಿ ಏನೋ ಉಸಿರಾಡುತ್ತಿದ್ದಂತೆ ಎಂದು ಈಗ ಬರೆಯಬೇಕೆನಿಸುತ್ತದೆ. ಆಗಲೂ ಹಾಗೆ ಅನಿಸಿತ್ತೇ, ಗೊತ್ತಿಲ್ಲ.

ಇವರು ಒಂದು ಮೂಲೆ ಎತ್ತಿದರು. ಬೆಚ್ಚಗಿನ, ಹಳಸಿದ ವಾಸನೆ ಬಂತು. ಹುಲ್ಲು ಬೆರಳುದ್ದ ಚಿಗುರಿತ್ತು. ಹಸಿರಲ್ಲ, ತೆಳು ಹಳದಿ.

“ಥೇಟ್ ನವರಾತ್ರ್ಯಾಗ ಘಟ ಹಾಕಿದ ಸಸಿ ಕಂಡಂಗ ಕಾಣ್ತದಲ್ರೀ,” ಎಂದೆ. ದೇವರ ಮೂಲೆಯ ಕತ್ತಲಲ್ಲಿ ಬೆಳೆಸಿದ ಆ ಹಳದಿ ಸಸಿಗಳನ್ನು ದಸರೆಯ ದಿನ ಕಿತ್ತು ಮುಡಿಯುತ್ತಿದ್ದೆವು. ಎರಡು ಬೆರಳಲ್ಲಿ ಹಿಡಿದರೆ ಸಾಕು, ಬುಡಸಹಿತ ಬರುತ್ತಿದ್ದವು.

“ಹಂಗಾರ ನೀನೂ ಒಂದೀಟು ಮುಡಕೋ.”

“ನಾ ಚಾಷ್ಟಿ ಮಾಡ್ಲಿಕತ್ತಿಲ್ಲ. ಜಗ್ಗಿ ನೋಡ್ರಿ ಒಮ್ಮೆ.”

“ಜಗ್ಗೂದು ನಾಳೆ ಆಡಾವ್ರ ಕೆಲಸ. ಇವತ್ತ ನೀ ಸುಮ್ನಿರು.”

ಹೇಳಿದರು, ಆದರೆ ಬಗ್ಗಿ ಜಗ್ಗಿದರು. ಹುಲ್ಲಿನ ಹಾಸು ಚಾಪೆಯ ಅಂಚಿನಂತೆ ಎದ್ದು ಬಂತು. ಕೆಳಗಿನ ಮಣ್ಣಿಗೆ ಒಂದು ಬೇರೂ ಇಳಿದಿರಲಿಲ್ಲ. ಅದನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು, ಬೂಟಿನಿಂದ ಒತ್ತಿದರು.

“ಈಗ ಟಾರ್ಪಾಲ ತಗದ್ರ ಥಂಡಿಗೆ ಸಾಯ್ತದ. ತಗೀಲಿಲ್ಲಂದ್ರ ಕೊಳೀತದ.”

“ಮತ್ತೇನ್ ಮಾಡ್ತೀರಿ?”

“ಬಣ್ಣ ಹೊಡೀತೀವಿ. ಟೀವ್ಯಾಗ ಹಸರ ಕಾಣಬೇಕಲ್ಲ.”

ಟಿಕೆಟುಗಳೆಲ್ಲ ಮಾರಿಹೋದರೆ ಮಾತ್ರ ಆ ಊರಿನ ಟೀವಿಯಲ್ಲಿ ಪಂದ್ಯ ತೋರಿಸುವುದು ಅಲ್ಲಿನ ನಿಯಮ. ಎಲ್ಲ ಮಾರಿಹೋಗಿದ್ದರಿಂದ ಟೀವಿಯಲ್ಲೂ ಬಂತು. ಇವರು ಸ್ಟೇಡಿಯಮ್ಮಿನಲ್ಲಿ, ನಾನು ಮನೆಯಲ್ಲಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಆಟಗಾರನೊಬ್ಬ ತಿರುಗಲೆಂದು ಕಾಲೂರಿದ. ಕಾಲ ಕೆಳಗಿನ ಹುಲ್ಲು ಅವನಿಗಿಂತ ಮೊದಲೇ ಹೊರಟಿತು. ಅವನು ಬಿದ್ದು, ಎದ್ದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ನಡುವಿನ ಬೇಸ್‌ಬಾಲಿನ ಮಣ್ಣು ತೇಪೆ ತೇಪೆಯಾಗಿ ಕಂದು ಬಣ್ಣದಲ್ಲಿ ಹೊರಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ನಮ್ಮದು ಕಪ್ಪು-ಬಿಳುಪು ಟೀವಿ. ಆ ಕಂದು ನನಗೆ ಎಲ್ಲಿಂದ ಬಂತು?

ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದರು. ಸಂಜೆ ಶೂ ಬಿಚ್ಚುತ್ತ ಹೇಳಿದ್ದನ್ನು ಅಂದೇ ಬರೆದಿಟ್ಟಿದ್ದೇನೆ, ಹಾಗಾಗಿ ನಂಬುತ್ತೇನೆ. ಉದ್ದ ಕೋಟಿನ ಇಬ್ಬರು ಪ್ಲಾಸ್ಟಿಕ್ಕಿಗೆಂದು ಮೈದಾನ ಅಳೆಯಲು ಬಂದಿದ್ದರಂತೆ. ಒಬ್ಬ ಟೇಪಿನ ಒಂದು ತುದಿ ಹಿಡಿದರೆ ಇನ್ನೊಬ್ಬ ಬರೆದುಕೊಳ್ಳುವವನು, ಹಾಗಾಗಿ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಾಗಿತ್ತು.

“ನೀವು ಹಿಡದ್ರೇನು?”

“ಹೂಂ. ಗಾಳಿ ಭಾಳ ಇತ್ತು. ಗಟ್ಟಿ ಹಿಡೀಬೇಕಾತು.”