ಸೋಕಿನ ಗುಂಡಿ

ಮೊನ್ನೆ ಮಧುಗಿರಿಯ ನಮ್ಮ ಮನೆಯ ಹಿಂದೆ ಮಳೆನೀರಿಗೊಂದು ಇಂಗುಗುಂಡಿ ತೋಡಲು ಗಾರೆ ಕೆಲಸದ ನಾಗರಾಜ ಬಂದಿದ್ದ. ಒಣನೆಲ ಕೆದಕಿ ಒಂದು ಬಿಂದಿಗೆ ನೀರು ಸುರಿದು, "ನೋಡಿ ಸಾರ್, ಗಟಗಟ ಕುಡೀತೈತೆ. ಸೋಕ್ ಪಿಟ್ ನಾಕಡಿ ಸಾಕು" ಅಂದ. ಹಸಿಮಣ್ಣಿನ ವಾಸನೆ ಎದ್ದಿತು. ಜನ ಆ ವಾಸನೆಯನ್ನು ಹೊಗಳುವುದನ್ನು ನೀವು ಕೇಳಿರುತ್ತೀರಿ. ನನಗೆ ಮಾತ್ರ ಅದು ಆಗದು. ಯಾಕೆಂದು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಶಿರಾದಲ್ಲಿ ಹೊಸ ಓವರ್‌ಸಿಯರ್. ಜೇಬಿನಲ್ಲಿ ಟೇಪು, ತಲೆಯಲ್ಲಿ ಜಗತ್ತಿನ ಸೂತ್ರಗಳೆಲ್ಲ. ತಾವರೆಕೆರೆ ಕಡೆಯ ಒಂದು ಹಟ್ಟಿಯಲ್ಲಿ ಶಾಲೆಗೆ ತಾರಸಿ ಹಾಕಿದ್ದರು. ಅದರ ನೀರನ್ನು ಓಣಿಗೆ ಬಿಡದೆ ಗುಂಡಿಗೆ ಇಳಿಸಬೇಕಿತ್ತು. ಜಾಗವಿದ್ದದ್ದು ಒಂದೇ ಕಡೆ, ಕುರಿ ಕಾಯುವ ಗಿರಿಯಪ್ಪನ ಮನೆಯ ಮಣ್ಣಿನ ಗೋಡೆಯ ಪಕ್ಕ.

"ಏನ್ ಗುಂಡಿ ಅಂದ್ಯಪ್ಪ?" ಎಂದು ಅವನ ಹೆಂಡತಿ ಸಣ್ಣಮ್ಮ ಕೇಳಿದಳು.

"ಸೋಕ್ ಪಿಟ್ ಕಣಮ್ಮ."

"ಸೋಕಾ? ಮನೆ ಮಗ್ಗುಲಲ್ಲೇ ಸೋಕಿನ ಗುಂಡಿ ತೋಡ್ತೀಯಾ?"

ಅವರಿಗೆ ಸೋಕು ಎಂದರೆ ದೆವ್ವ ಮೆಟ್ಟುವುದು, ಗಾಳಿ ಹಿಡಿಯುವುದು. ನಾನು ನಕ್ಕೆ. ಆಫೀಸಿನಲ್ಲೂ ಹೇಳಿ ನಗಿಸಿದೆ.

ಲೆಕ್ಕ ಸುಲಭದ್ದು. ತಾರಸಿಯ ಉದ್ದ, ಅಗಲ, ಒಂದು ಜೋರು ಮಳೆಯ ನೀರು. ಅದರಲ್ಲಿ ಮಣ್ಣು ಕುಡಿಯುವುದನ್ನು ಕಳೆದು, ಉಳಿದದ್ದಕ್ಕೆ ಗುಂಡಿಯಲ್ಲಿ ಜಾಗ ಮಾಡಬೇಕು. ಮಣ್ಣು ಎಷ್ಟು ಕುಡಿಯುತ್ತದೆಂದು ನೋಡಲು ಮೊಣಕಾಲುದ್ದ ತೋಡಿ ಮೂರು ಬಿಂದಿಗೆ ಸುರಿದೆ. ಬೇಸಿಗೆಯ ಎರೆಮಣ್ಣು. ಗಡಿಯಾರ ನೋಡುವಷ್ಟರಲ್ಲಿ ನೀರು ಮಾಯ. ಖುಷಿಯಲ್ಲಿ ಗುಂಡಿಯ ಅಳತೆಯನ್ನು ಅರ್ಧಕ್ಕೆ ಇಳಿಸಿಬಿಟ್ಟೆ.

ಆಗ ಪಕ್ಕದಲ್ಲಿ ಕೂತಿದ್ದವನು ಗಿರಿಯಪ್ಪ ಒಬ್ಬನೇ. "ಕುಡೀತಿರಾದು ಮಣ್ಣಲ್ಲ ಕಣಪ್ಪ, ಬಿರುಕು. ಎರೆ ನೆಂದ್ರೆ ಬಾಯಿ ಮುಚ್ಕೊಂಬುಡ್ತದೆ. ಇವತ್ತು ನೆನೆಸ್ಬುಡು, ನಾಳೆ ಇನ್ನೊಂದ್ ದಪ ಹುಯ್ದು ನೋಡು" ಅಂದ.

ನಾಳೆ ಮತ್ತೆ ಆ ಧೂಳಿನಲ್ಲಿ ಸೈಕಲ್ ತುಳಿಯಬೇಕಲ್ಲ ಎಂಬ ಸೋಮಾರಿತನ ನನಗೆ. "ಪುಸ್ತಕದಲ್ಲಿ ಹಂಗಿಲ್ಲ ಯಜಮಾನ್ರೇ" ಎಂದೆ. ಪುಸ್ತಕದಲ್ಲಿ ಹಾಗೆಯೇ ಇತ್ತು, ನೆನೆಸಿ ಮರುದಿನ ಅಳೆಯಬೇಕೆಂದು. ಅದನ್ನೇ ಓದಿ ಪರೀಕ್ಷೆ ಪಾಸು ಮಾಡಿದ್ದೆ.

ಆ ಹಿಂಗಾರಿನಲ್ಲಿ ಎರಡು ದಿನ ಬಿಡದೆ ಹುಯ್ಯಿತು. ಮೊದಲ ದಿನವೇ ಗುಂಡಿ ತುಂಬಿ ಉಕ್ಕಿ ನೀರು ಗೋಡೆಯ ಬುಡಕ್ಕೆ ನಿಂತಿತು. ಎರಡನೆಯ ದಿನ ಮಧ್ಯಾಹ್ನ ಗೋಡೆ ಒಳಕ್ಕೆ ಬಿತ್ತು. ಜ್ವರ ಬಂದು ಗಿರಿಯಪ್ಪ ಅದರ ಬುಡದಲ್ಲೇ ಮಲಗಿದ್ದ.

ನಾನು ಹೋಗುವಷ್ಟರಲ್ಲಿ ಅವನನ್ನು ಮಣ್ಣು ಮಾಡಿ ಬಂದಿದ್ದರು. ಸಣ್ಣಮ್ಮ ನನ್ನನ್ನು ಬೈಯಲಿಲ್ಲ. ಗುಂಡಿಯ ಹತ್ತಿರ ನಿಂತಿದ್ದ ನನ್ನ ಕೈ ಹಿಡಿದು ಈಚೆಗೆ ಎಳೆದಳು. "ಅಲ್ಲಿ ನಿಂತ್ಕಬ್ಯಾಡ ಕಣಪ್ಪ. ಸೋಕು ಅದು. ನಿಂಗೂ ತಗುಲ್ಕೊಂಡೀತು."

ಹಟ್ಟಿಯವರೂ ಅದನ್ನೇ ಅಂದರು. ನಾನೂ ಹೌದೆಂದು ತಲೆಯಾಡಿಸಿದೆ. ನನ್ನ ತಪ್ಪು ಗೊತ್ತಿದ್ದವನು ಒಬ್ಬನೇ, ಅವನು ಮಣ್ಣಿನೊಳಗಿದ್ದ. ಪ್ರತಿ ಅಮಾವಾಸ್ಯೆ ಅವಳು ಆ ಗುಂಡಿಗೆ ನಿಂಬೆಹಣ್ಣು, ಕುಂಕುಮ ಇಡುತ್ತಾಳೆಂದು ಆಮೇಲೆ ಕೇಳಿದೆ. ಹೋಗಿ ನಿಜ ಹೇಳುವ ಬದಲು ಕೊರಟಗೆರೆಗೆ ವರ್ಗ ಮಾಡಿಸಿಕೊಂಡೆ. ಹೇಡಿ ನಾನು.

ನಾಗರಾಜ ಹಾರೆ ಎತ್ತಿದ್ದ. "ತಡಿ" ಎಂದೆ. "ಇವತ್ತು ಬರೀ ನೆನೆಸು. ಅಳತೆ ನಾಳೆ."

"ಒಂದಿನ ಕೆಲ್ಸ ಕೆಡ್ತದೆ ಸಾರ್. ಯಾರ್ ಹೇಳಿದ್ರು ನಿಮ್ಗೆ ಇದ್ನ?"

"ಗಿರಿಯಪ್ಪ ಅಂತ."

"ಯಾರ್ ಸಾರ್ ಅವ್ರು?"

"ನನ್ನ ಲೆಕ್ಕದಿಂದ ಸತ್ತವನು" ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾಗರಾಜ ಹಾರೆ ಕೆಳಗಿಟ್ಟು, ಬಿಂದಿಗೆ ತುಂಬಿಸಲು ನಲ್ಲಿಯತ್ತ ಹೋದ.