ರಾಶಿಯ ದಿನ ಬಿದ್ದ ಆಕಾಶದ ಕಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಹೊಲ ಕಲಬುರಗಿ ಹತ್ತಿರದ ಕಮಲಾಪುರದ ಊರಾಚೆ, ಕೆಂಬಾಳೆ ತೋಟಗಳನ್ನು ದಾಟಿದ ಮೇಲೆ ಸಿಗುತ್ತಿತ್ತು. ಈಗ ನಿಮಗೆ ಹೇಳಹೊರಟ ಸಂಗತಿ ನಡೆದದ್ದು ಅಲ್ಲೇ, ಜೋಳದ ರಾಶಿ ಮಾಡುತ್ತಿದ್ದ ದಿನ.

ಆಗ ರಾಶಿಗೆ ಯಂತ್ರ ಬಂದಿರಲಿಲ್ಲ. ಹೊಲದ ಒಂದು ಮೂಲೆಯಲ್ಲಿ ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ದುಂಡನೆಯ ಕಣ ಮಾಡುತ್ತಿದ್ದರು. ನಟ್ಟನಡುವೆ ಮೇಟಿ ಎಂಬ ಕಂಬ. ಅದಕ್ಕೆ ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ ತೆನೆಗಳ ಮೇಲೆ ಸುತ್ತು ಹೊಡೆಸಿದರೆ ಗೊರಸಿನ ಅಡಿಯಲ್ಲಿ ಕಾಳು ಉದುರುತ್ತಿತ್ತು. ಎತ್ತುಗಳ ಹಿಂದೆ ಬಾರುಕೋಲು ಹಿಡಿದು ನಡೆಯುವುದು ಆ ಸಲ ನನ್ನ ಪಾಲಿಗೆ ಬಂದಿತ್ತು. ಮೂಗಿನ ತುಂಬ ಜೋಳದ ಧೂಳು, ಕತ್ತಿನ ತುಂಬ ತುರಿಕೆ. ಆದರೂ ರಾಣಿಯ ಹಾಗೆ ನಡೆಯುತ್ತಿದ್ದೆ.

ಅಪ್ಪ ತೆನೆ ತಿರುವಿ ಹಾಕುತ್ತಿದ್ದ. ಅಕ್ಕ ಗಾಳಿಗೆ ಕಾಳು ತೂರುತ್ತಿದ್ದಳು. ಅವಳು ಕಲಬುರಗಿಯ ಗಾಜಿಪುರದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ರಾಶಿಗೆಂದೇ ಊರಿಗೆ ಬಂದಿದ್ದಳು.

ಹೊತ್ತು ಇಳಿಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಇದ್ದಕ್ಕಿದ್ದಂತೆ ನನ್ನ ನೆರಳಿನ ಪಕ್ಕದಲ್ಲಿ ಇನ್ನೊಂದು ನೆರಳು ಮೂಡಿ ಸರಸರ ಸರಿಯಿತು. ತಲೆಯೆತ್ತಿದೆ. ಕಣ್ಣು ಕುಕ್ಕುವಂಥ ಬೆಳಕಿನ ಉಂಡೆಯೊಂದು ಹಿಂದೆ ಬಿಳಿ ಹೊಗೆಯ ಗೆರೆ ಎಳೆಯುತ್ತ ಆಕಾಶವನ್ನು ದಾಟುತ್ತಿತ್ತು. ಸದ್ದೇ ಇಲ್ಲ. ಉಂಡೆ ಆರಿಹೋಗಿ, ಹೊಗೆಯ ಗೆರೆ ಸೊಟ್ಟಗಾಗುವ ಹೊತ್ತಿಗೆ ಸಿಡಿಲು ಬಿದ್ದಂಥ ಶಬ್ದ. ನೆಲವೇ ನಡುಗಿತು.

ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ನನ್ನತ್ತಲೇ ತಿರುಗಿದವು. ನನ್ನ ಕಾಲು ಕಿತ್ತು ಬರಲಿಲ್ಲ. ಅಪ್ಪ ಅದೆಲ್ಲಿಂದ ಹಾರಿ ಬಂದನೋ, ನನ್ನನ್ನು ಎತ್ತಿಕೊಂಡು ತೆನೆಯ ಗುಡ್ಡೆಯ ಮೇಲೆ ಬಿದ್ದ. ಎತ್ತುಗಳು ನಾವಿದ್ದ ಜಾಗವನ್ನು ತುಳಿದುಕೊಂಡು ಓಡಿದವು. ಅದೇ ಗಳಿಗೆಯಲ್ಲಿ ಮೇಲಿನಿಂದ ಬುಸ್ಸೆಂಬ ಸದ್ದು ಬಂತು. ಕಣದ ಆಚೆ ಏನೋ ಧೊಪ್ಪೆಂದು ಬಿದ್ದು ಕರಿ ಮಣ್ಣು ಚಿಮ್ಮಿತು.

ಬುಟ್ಟಿಯಗಲದ ಕುಣಿ. ಅದರೊಳಗೆ ತೆಂಗಿನಕಾಯಿ ಗಾತ್ರದ ಕಲ್ಲು. ಮೈಯೆಲ್ಲ ಸೀದ ರೊಟ್ಟಿಯಂತೆ ಕಪ್ಪು. ಅಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ ಅಕ್ಕ ಕೈ ಚಾಚಿ ಮುಟ್ಟಿದಳು.

"ಅಪ್ಪಾ, ಸುಡವಲ್ದು! ಸ್ವಲ್ಪ ಬೆಚ್ಚಗ ಅದ, ಅಷ್ಟೇ."

ಅಕ್ಕಪಕ್ಕದ ಹೊಲದವರು ಓಡಿ ಬಂದರು. ಎಲ್ಲರಿಗಿಂತ ಮುಂದೆ ದೊಡ್ಡಪ್ಪ. "ಇದು ಕೆಟ್ಟ ಶಕುನ ಅದ. ಕೂಸು ಈಗ ಸತ್ತೇ ಹೋಗ್ತಿತ್ತು. ಮೊದಲು ಹಾಳ ಬಾವ್ಯಾಗ ಒಗದು ಬರ್ರಿ," ಎಂದ. ಹಲವರು ಹೌದು ಹೌದು ಎಂದರು. ಅಕ್ಕ ಕಲ್ಲನ್ನು ಎದೆಗೆ ಅವುಚಿಕೊಂಡಳು. ಅಪ್ಪ ನನ್ನ ತಲೆಯ ಮೇಲಿಂದ ಕೈ ತೆಗೆದಿರಲಿಲ್ಲ. ಅವನು ಅಕ್ಕನನ್ನು ಕೇಳಿದ, "ನೀ ಓದಿದಾಕಿ ಇದ್ದಿ. ಏನಿದು, ತಿಳಿಯುವಂಗ ಹೇಳು."

ಅಕ್ಕ ಕಣದ ಕಡೆ ನೋಡಿದಳು. "ಆ ಮೇಟಿನ ಸೂರ್ಯ ಅಂತ ತಿಳ್ಕೋ ಅಪ್ಪಾ. ಮೇಟಿ ಹತ್ತಿರದ ಎತ್ತಿಗಿ ಸಣ್ಣ ಸುತ್ತು, ಹೊರಗಿನ ಎತ್ತಿಗಿ ದೊಡ್ಡ ಸುತ್ತು. ಗ್ರಹಗಳೂ ಹಂಗೇ ತಿರಗ್ತಾವ. ನಮ್ಮ ಭೂಮಿ ಮೂರನೇದು, ಮಂಗಳ ನಾಕನೇದು, ಗುರು ಐದನೇದು. ಮಂಗಳ, ಗುರು ಇವೆರಡರ ನಡುವ ಲಕ್ಷಗಟ್ಲೆ ಕಲ್ಲು ತಮ್ಮ ತಮ್ಮ ಹಾದಿ ಹಿಡದು ಸೂರ್ಯನ ಸುತ್ತ ತಿರಗ್ತಾವ. ಅವಕ್ಕ ಕ್ಷುದ್ರಗ್ರಹ ಅಂತಾರ. ಇದು ಅಲ್ಲಿಂದ ಬಂದದ್ದೇ ಇರಬೇಕು."

"ಅಲ್ಲಿ ಹಗ್ಗ ಯಾರು ಕಟ್ಯಾರ?" ಅಪ್ಪ ಕೇಳಿದ.

"ಹಗ್ಗ ಇಲ್ಲಪಾ. ಸೂರ್ಯ ತನ್ನ ಕಡೆ ಎಳೀತಾನ, ಅವು ಓಡತಿರ್ತಾವ. ಅದಕ್ಕೇ ಸುತ್ತು ಬಿಡಂಗಿಲ್ಲ."

"ಮತ್ತ ಇದ್ಯಾಕ ಬಿಡ್ತು?"

"ಗುರು ಭಾಳ ದೊಡ್ಡದು. ಅದೂ ಎಳೀತದ. ಒಮ್ಮೊಮ್ಮಿ ಕಲ್ಲು ಕಲ್ಲಿಗಿ ಬಡೀತಾವ. ಹಂಗ ಹಾದಿ ತಪ್ಪಿ, ಸುತ್ತಿ ಸುತ್ತಿ, ಇವತ್ತು ನಮ್ಮ ಭೂಮಿ ಅಡ್ಡ ಬಂತು."

ಅಪ್ಪ ಮೇಲೆ ನೋಡಿದ. ಹೊಗೆಯ ಗೆರೆ ಇನ್ನೂ ತೆಳ್ಳಗೆ ಉಳಿದಿತ್ತು. ಆಮೇಲೆ ಅವನು ಹೆಗಲ ಮೇಲಿನ ಟವೆಲ್ಲು ತೆಗೆದು, ಕಲ್ಲನ್ನು ಅದರಲ್ಲಿ ಸುತ್ತಿದ. "ಅಣ್ಣಾ, ಇಷ್ಟು ದೂರದಿಂದ ಬಂದದ್ದನ್ನ ಬಾವ್ಯಾಗ ಒಗಿಲಾಕ ನನಗ ಮನಸಾಗವಲ್ದು," ಎಂದು ದೊಡ್ಡಪ್ಪನಿಗೆ ಹೇಳಿದ. ಅಪ್ಪ ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎತ್ತುಗಳನ್ನು ಹುಡುಕಿ ತಂದು ಬಂಡಿ ಹೂಡಿದೆವು. ದಾರಿಯುದ್ದಕ್ಕೂ ಕಲ್ಲು ನನ್ನ ಮಡಿಲಲ್ಲಿತ್ತು. ಗಾತ್ರಕ್ಕೆ ಮೀರಿದ ಭಾರ. ತೊಡೆ ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಅದಕ್ಕೆ ಎಚ್ಚರವಾಗುತ್ತದೆ ಎಂಬಂತೆ ಕೂತಿದ್ದೆ.

ಮರುದಿನ ಅಕ್ಕ ಅದನ್ನು ಬಸ್ಸಿನಲ್ಲಿ ಕಲಬುರಗಿಗೆ ಒಯ್ದಳು. ಕಾಲೇಜಿನ ಗುರುಗಳು ಒಂದು ಮೂಲೆ ಕೊಯ್ದು ನೋಡಿದರಂತೆ. ಒಳಗೆ ಬೂದು ಬಣ್ಣ, ಅಲ್ಲಲ್ಲಿ ಕಬ್ಬಿಣದ ಹೊಳೆಯುವ ಚುಕ್ಕೆಗಳು. ಅದು ಆಕಾಶದ ಕಲ್ಲೇ ಎಂದೂ, ಭೂಮಿ ಹುಟ್ಟಿದ ಕಾಲದ್ದೆಂದೂ ಹೇಳಿ, ಕಾಲೇಜಿನಲ್ಲೇ ಇಟ್ಟುಕೊಂಡರಂತೆ. ಸುದ್ದಿ ಕೇಳಿದ ದೊಡ್ಡಪ್ಪ ಮನೆಗೆ ಬಂದು ಬಾಗಿಲಲ್ಲೇ ನಿಂತ. "ಅದನ್ನ ಇನ್ನೊಮ್ಮಿ ನೋಡಬಹುದೇನು?" ಎಂದು ಮೆಲ್ಲಗೆ ಕೇಳಿದ. ಅಪ್ಪ ಅವನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ.

ಮಕ್ಕಳೇ, ಮೊನ್ನೆ ನೀವು ಮೊಬೈಲಿನಲ್ಲಿ ನನಗೆ ಆ ಕಲ್ಲುಗಳ ಹಾದಿಗಳನ್ನೆಲ್ಲ ತೋರಿಸಿದಿರಿ. ಸೂರ್ಯನ ಸುತ್ತ ಚುಕ್ಕೆಗಳು ಮುತ್ತಿಕೊಂಡು ತಿರುಗುತ್ತಿದ್ದವು. ಯಾವುದು ಯಾವಾಗ ಭೂಮಿಯ ಹತ್ತಿರ ಹಾಯುತ್ತದೆಂದು ಈಗ ಎಷ್ಟೋ ಮೊದಲೇ ಹೇಳುತ್ತಾರೆ. ನೌಕೆ ಕಳಿಸಿ, ಅಲ್ಲಿಂದ ಹಿಡಿ ಮಣ್ಣು ತಂದು, ಯಾರೂ ಮುಟ್ಟದಂತೆ ಗಾಜಿನೊಳಗೆ ಕಾಪಾಡುತ್ತಾರೆ. ನಮಗೆ ಯಾರೂ ಏನೂ ಹೇಳಿರಲಿಲ್ಲ. ನೀವು ಬೆರಳಲ್ಲಿ ಸರಿಸಿ ಸರಿಸಿ ನೋಡುವ ಆ ಲಕ್ಷಾಂತರ ಚುಕ್ಕೆಗಳ ನಡುವಿನಿಂದ ಬಂದ ಒಂದು ಕಲ್ಲು, ಒಂದು ಸಂಜೆ, ಬಂಡಿ ಊರು ಸೇರುವವರೆಗೆ ನಿಮ್ಮ ಅಜ್ಜಿಯ ಮಡಿಲಲ್ಲಿ ಕೂತಿತ್ತು.